ಎಸರು ಹಾಕಿದ ಹಾಗೆ

“ನೀರು ಮೊದಲು ಅಂತ ಒಂದು ಮಾತು ಹೇಳಾಕ ನನಗೇನು ಧಾಡಿ ಬಂದಿತ್ತು?”

ಸುಭದ್ರಾಬಾಯಿ ಕೇಳಿದ್ದು ಯಾರನ್ನೂ ಅಲ್ಲ. ಸಾಬೂನಿನ ಶೆಡ್ಡಿಗೆ ಇನ್ನೂ ಯಾರೂ ಬಂದಿರಲಿಲ್ಲ. ಮೂಲೆಯಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮು, ಗೋಡೆಗೆ ಆನಿಸಿಟ್ಟ ಕಟ್ಟಿಗೆಯ ಅಚ್ಚುಗಳು, ಮೇಲೆ ತಗಡು. ಬಿಸಿಲು ಏರಿದಂತೆ ಆ ತಗಡೊಂದೇ ಟಿಕ್ ಟಿಕ್ ಎಂದು ಏನೋ ಉತ್ತರ ಕೊಟ್ಟಿತು. ಅವಳು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು. ಪೊರಕೆ ಇಟ್ಟಳು. ಮತ್ತೆ ತೆಗೆದುಕೊಂಡಳು.

ಅವಳ ಪೂಜೆ ಕೆಟ್ಟು ಇಪ್ಪತ್ತೆರಡು ದಿನವಾಗಿತ್ತು. ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಕೂತರೆ ದೃಷ್ಟಿ ನಿಲ್ಲುತ್ತಿರಲಿಲ್ಲ. ಕರಿಯ ಲಿಂಗ ಇರುವಲ್ಲಿ ಬಿಳಿ ಚಕ್ಕೆಗಳ ಗುಡ್ಡೆ ಕಾಣುತ್ತಿತ್ತು. ಗುಡ್ಡೆಯ ನಡುವೆ ಒಂದು ಗುಳಿ. ಆ ಗುಳಿಗೆ ಯಾರೋ ಕುದಿಯುವ ನೀರು ಸುರಿಯುತ್ತಿದ್ದರು. ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ.

ಅವಳು ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಗೊಬ್ಬೂರಿನ ತವರುಮನೆಯಲ್ಲಿ ತಂದೆ ಕಲ್ಯಾಣಪ್ಪ ಬೆಳಕು ಹರಿಯುವ ಮೊದಲೇ ಎದ್ದು, ದನದ ಕೊಟ್ಟಿಗೆಯ ಮುಂದೆ ಓಡಾಡುತ್ತ ವಚನ ಹೇಳುತ್ತಿದ್ದ. ಅವಳು ಕೌದಿಯೊಳಗಿಂದಲೇ ಕೇಳಿ ಕೇಳಿ, ಹತ್ತು ವರ್ಷ ತುಂಬುವುದರೊಳಗೆ ನೂರೆಂಟು ವಚನಗಳನ್ನೂ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು. ಕೇಳಿದ್ದೇ ಅವಳ ಓದು, ಕಿವಿಯೇ ಅವಳ ಪುಸ್ತಕ. ಜೇವರ್ಗಿಯಲ್ಲಿ, ವಿಜಯಪುರದ ರಸ್ತೆಯ ಮಗ್ಗುಲಿಗೆ ಹದಿಮೂರು ಹೆಂಗಸರು ಸೇರಿ ಬಟ್ಟೆ ಸಾಬೂನಿನ ಸಂಘ ಕಟ್ಟಿದಾಗ, ಕಲಬುರಗಿಯಿಂದ ಬಂದ ತರಬೇತಿಯ ಅರುಣಕುಮಾರ ಒಂದು ಹಾಳೆ ಕೊಟ್ಟಿದ್ದ. ಸಂಘದ ಲೆಕ್ಕಪತ್ರ ನೋಡುವ ವಿಜಯಶ್ರೀ ಅದನ್ನು ಮೂರು ಸಲ ಓದಿ ಹೇಳಿದಳು. ಮೂರನೆಯ ಸಲಕ್ಕೆ ಸುಭದ್ರಾಬಾಯಿಗೆ ಅದು ಬಾಯಿಪಾಠ. ಕಾಸ್ಟಿಕ್ ಸೋಡಾ ಅಂದರೆ ಸಕ್ಕರೆಯಂತೆ ಬೆಳ್ಳಗೆ ಕಂಡರೂ ಚರ್ಮ ತಿನ್ನುವಂಥದು. ಮೊದಲು ತಣ್ಣೀರು ಅಳೆದಿಡಬೇಕು, ಆ ನೀರಿಗೆ ಚಕ್ಕೆಗಳನ್ನು ಸ್ವಲ್ಪ ಸ್ವಲ್ಪವೇ ಬಿಡಬೇಕು. ಚಕ್ಕೆಯ ಮೇಲೆ ನೀರು ಎಂದೂ ಹಾಕಬಾರದು. ಅಲ್ಯುಮಿನಿಯಂ ಪಾತ್ರೆ ಮುಟ್ಟಿಸಬಾರದು. ಕೈಗೆ ರಬ್ಬರು, ಕಣ್ಣಿಗೆ ಕನ್ನಡಕ. ಸಿಡಿದರೆ ನೀರು, ಬರೀ ನೀರು, ಅರ್ಧ ತಾಸು ನೀರು.

ಹೆಂಗಸರು ಅಂದಿನಿಂದ ಹಾಳೆ ನೋಡಲಿಲ್ಲ. ಅವಳ ಬಾಯಿ ನೋಡಿದರು. ಅದು ಅವಳಿಗೆ ಹಿತವಾಗಿಯೇ ಇತ್ತು. ಕಾಸ್ಟಿಕ್ ಕಲಸುವ ಕೆಲಸವನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ಕನ್ನಡಕ ಮಾತ್ರ ಗೋಡೆಯ ಮೊಳೆಯಲ್ಲೇ ಇರುತ್ತಿತ್ತು; ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಮುಖ ಅತ್ತ ತಿರುಗಿಸಿ ಕಲಸಿಬಿಡುತ್ತಿದ್ದಳು.

ಇಪ್ಪತ್ತೆರಡು ದಿನದ ಹಿಂದಿನ ಆ ದಿನ ಶ್ರಾವಣದ ಕಡೆಯ ಸೋಮವಾರ. ಮಠದಲ್ಲಿ ಪ್ರವಚನದ ಮಂಗಲವೆಂದು ಸುಭದ್ರಾಬಾಯಿ ಅಂದು ಕಲಸುವುದನ್ನು ಬಿಟ್ಟು ಹೊರಟಿದ್ದಳು. ಒಂದು ಕಾಲು ಚಪ್ಪಲಿಯೊಳಗೆ, ಒಂದು ಕಾಲು ಹೊಸ್ತಿಲ ಮೇಲೆ. ತಿಂಗಳ ಹಿಂದಷ್ಟೇ ಸಂಘಕ್ಕೆ ತಾನೇ ಸೇರಿಸಿದ, ತನ್ನ ತವರೂರಿನವಳೇ ಆದ ಕಾಶಿಬಾಯಿ ಒಳಗಿಂದ ಕೂಗಿದಳು. “ಯಕ್ಕಾ, ಇದನ್ನ ಹೆಂಗ ಕಲಸೂದು?”

“ರೊಟ್ಟಿ ಹಿಟ್ಟಿಗೆ ಎಸರು ಹಾಕ್ತೀವಲ್ಲ ಬೇ, ಹಂಗ. ಕೈ ಹಚ್ಚಬ್ಯಾಡ, ಕಟ್ಟಿಗಿಲೆ ತಿರುವು.”

ಅವಳ ಮನಸ್ಸಿನಲ್ಲಿ ಇದ್ದದ್ದು ಬಿಸಿಯ ಎಚ್ಚರ: ಎಸರು ಹಾಕಿದ ಹಿಟ್ಟಿಗೆ ಯಾರೂ ಕೂಡಲೇ ಕೈ ಹಾಕುವುದಿಲ್ಲವಲ್ಲ, ಹಾಗೆ. ಆದರೆ ಗೊಬ್ಬೂರಿನ ಯಾವ ಹೆಣ್ಣಿನ ಕೈಗಾದರೂ ಆ ಮಾತಿಗೆ ಒಂದೇ ಅರ್ಥ. ಕಾಶಿಬಾಯಿ ಪರಾತದಲ್ಲಿ ಎರಡು ಕಿಲೋ ಚಕ್ಕೆ ಸುರಿದಳು. ಜೋಳದ ಹಿಟ್ಟಿಗೆ ಮಾಡುವಂತೆಯೇ ನಡುವೆ ಗುಳಿ ಮಾಡಿದಳು. ಒಲೆಯ ಮೇಲಿನ ಕುದಿಯುವ ನೀರು ಇಳಿಸಿ ಆ ಗುಳಿಗೆ ಹಾಕಿದಳು.

ಭುಸ್ಸೆಂದು ಎದ್ದು ಮುಖಕ್ಕೆ ಸಿಡಿಯಿತಂತೆ. ಸುಭದ್ರಾಬಾಯಿ ಅದನ್ನು ನೋಡಲಿಲ್ಲ. ಅವಳು ಆಗ ಮಠದಲ್ಲಿ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿ, ಕೇಳುತ್ತಿದ್ದಳು.

ನೋಡಿದ್ದು ಮದೀನಾಬಿ. ಸಾಬೂನಿಗೆ ಕಾಗದ ಸುತ್ತುತ್ತ ಕೂತಿದ್ದವಳು ಎದ್ದು, ಕಾಶಿಬಾಯಿಯನ್ನು ರಟ್ಟೆ ಹಿಡಿದು ಎಳೆದು ನೀರಿನ ಟಾಕಿಯ ನಳದ ಕೆಳಗೆ ಬಗ್ಗಿಸಿದಳು. ಎರಡು ಬೆರಳಿನಲ್ಲಿ ರೆಪ್ಪೆ ಅಗಲಿಸಿ ಹಿಡಿದು ನೀರು ಬಿಟ್ಟೇ ಬಿಟ್ಟಳು. ಒಬ್ಬಳು ನಿಂಬೆಹಣ್ಣು ಕೊಯ್ದು ತಂದಳು, ಇನ್ನೊಬ್ಬಳು ವಿಭೂತಿ ತಂದಳು. “ಸರೀರಿ ಅತ್ಲಾಗ! ಹುಳಿ ಬಿದ್ರ ಮತ್ತಷ್ಟ್ ಕಾಯ್ತದ. ನೀರು ತರ್ರಿ, ನೀರು!” ಎಂದು ಮದೀನಾಬಿ ಬೈದಳು. ಕಲಬುರಗಿಯ ಡಾಕ್ಟರು, ಆ ನೀರು ಬೀಳದಿದ್ದರೆ ಕಣ್ಣು ಉಳಿಯುತ್ತಿರಲಿಲ್ಲ ಎಂದರು. ಈಗ ಎಡಗಣ್ಣಿಗೆ ಎಲ್ಲವೂ ಹಾಲು ಬೆರೆಸಿದಂತೆ ಕಾಣುತ್ತದಂತೆ. ತಿಳಿಯಾದೀತು, ಎಷ್ಟು ಎಂದು ಹೇಳಲಾಗದು.

ಹೇಗಾಯಿತು ಎಂದು ಎಲ್ಲರೂ ಕೇಳಿದರು. ವಿಜಯಶ್ರೀ ವರದಿ ಬರೆದಳು: ತಿಳಿಸಿದ ಕ್ರಮವನ್ನು ಸದಸ್ಯೆಯು ಪಾಲಿಸದೆ ಅಜಾಗರೂಕತೆಯಿಂದ ನಡೆದುಕೊಂಡಿದ್ದರಿಂದ ಅವಘಡ. ಅದನ್ನು ಓದಿ ಹೇಳಿ, ಪೆನ್ನು ಮುಂದೆ ಹಿಡಿದಳು. ಸಂಘದ ಮುಖ್ಯಸ್ಥೆಯೆಂದು ಸುಭದ್ರಾಬಾಯಿ ಸಹಿ ಮಾಡಿದಳು. ಇಂದು ಅರುಣಕುಮಾರ ಆ ವರದಿ ಹಿಡಿದು ಬರುವವನಿದ್ದ. ಅದು ಹಾಗೆಯೇ ನಿಂತರೆ ಕಾಶಿಬಾಯಿಯ ಹೆಸರು ಸಂಘದಿಂದ ಹೋಗುತ್ತದೆ. ಮಾತಾಡಿದರೆ ತನ್ನ ಬಾಯಿಯನ್ನು ಇನ್ನು ಯಾರು ನಂಬಬೇಕು?

ಮೊದಲು ಬಂದವಳು ಮದೀನಾಬಿ. ಬುರ್ಖಾ ಕಳಚಿ ಬಾಗಿಲ ಮೊಳೆಗೆ ಹಾಕುತ್ತ ನೆಲ ನೋಡಿದಳು. “ಏನ್ ಯಕ್ಕಾ, ಇವತ್ತ ಲಗ್ನ ಐತೇನ ಇಲ್ಲಿ? ಇಷ್ಟ್ ಗುಡಿಸಿದ್ರ ಸಿಮೆಂಟ್ ಸವದು ಮಣ್ಣು ಬರ್ತದ.”

“ಸುಮ್ಕಿರು ಬೇ.”

“ನಾ ಸುಮ್ಕೇ ಅದೀನಿ. ನಿಮ್ಮ ಕೈಯೇ ಸುಮ್ಕಿಲ್ಲ.”

ವಿಜಯಶ್ರೀ ಫೈಲು ಹಿಡಿದು ಬಂದಳು. ಹಿಂದೆಯೇ ಅರುಣಕುಮಾರನ ಮೋಟಾರ್‌ಸೈಕಲ್ಲು. ಅವನು ಹೆಲ್ಮೆಟ್ಟು ತೆಗೆಯುವ ಮೊದಲೇ ಮೊಳೆಯಲ್ಲಿದ್ದ ಕನ್ನಡಕ ನೋಡಿದ, ಅದರ ಮೇಲೆ ಬೆರಳು ಎಳೆದ. ಬೆರಳಿಗೆ ಧೂಳು ಹತ್ತಿತು. ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಸುಭದ್ರಾಬಾಯಿಗೆ ಯಾರೋ ಕಪಾಳಕ್ಕೆ ಕೊಟ್ಟಂತಾಯಿತು.

ಅಫಜಲಪುರದ ಕಡೆಯ ಬಸ್ಸು ಇಳಿದು ಕಾಶಿಬಾಯಿ ಬಂದಾಗ ಹತ್ತೂವರೆ. ಕರಿ ಕನ್ನಡಕ, ಎಡಗೆನ್ನೆಯ ಮೇಲೆ ಹೊಸ ಚರ್ಮದ ಗುಲಾಬಿ ತೇಪೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಇಷ್ಟು ದಿನ ಗೊಬ್ಬೂರಿನ ತವರಿನಲ್ಲಿದ್ದಳು. ಸುಭದ್ರಾಬಾಯಿ ಎರಡು ಸಲ ಗೊಬ್ಬೂರಿನ ಬಸ್ಸು ಹತ್ತಿದ್ದಳು, ಎರಡು ಸಲವೂ ನಡುದಾರಿಯಲ್ಲಿ ಇಳಿದು ಹಿಂದಿರುಗಿದ್ದಳು. ಈಗ ನೀರಿನ ತಂಬಿಗೆ ಹಿಡಿದು ಎದ್ದಳು. ಕಾಶಿಬಾಯಿ ನೀರು ತೆಗೆದುಕೊಂಡಳು, ಕುಡಿದಳು, ತಂಬಿಗೆಯನ್ನು ಅವಳ ಕೈಗೆ ಕೊಡದೆ ನೆಲಕ್ಕಿಟ್ಟಳು.

“ಕುಂದರ್ರಿ,” ಎಂದ ಅರುಣಕುಮಾರ. ಸ್ಟೂಲಿನ ಮೇಲೆ ವರದಿ ಬಿಡಿಸಿಟ್ಟ. “ಕಾಶಿಬಾಯಾರ, ನಿಮಗ ಬ್ಯಾಸರಾ ಆಗಬಾರದು. ಒಂದು ಶೆಡ್ಡಿನಾಗ ಹಿಂಗಾತಂದ್ರ ಉಳಿದವರದೂ ಬಂದ್ ಮಾಡಿಸ್ತಾರ. ಅದಕ್ಕ ಕೇಳಾಕತ್ತೇನಿ. ನಿಮಗ ಹೆಂಗ ಮಾಡಬೇಕಂತ ಹೇಳಿಕೊಟ್ಟಿದ್ರೋ, ಇಲ್ಲೋ?”

“ಹೇಳಿದ್ರು.”

“ಹೇಳಿದ್ರಲ್ಲ! ಮತ್ತ?”

“ಹೇಳಿದಂಗ ಮಾಡಿದೆ.”

ವಿಜಯಶ್ರೀ ಫೈಲಿನಿಂದ ತಲೆ ಎತ್ತಿದಳು. “ಹೆಂಗ ಮಾಡಿದಿ ಕಾಶವ್ವ? ಚಕ್ಕಿ ಮ್ಯಾಲ ಕುದಿ ನೀರು ಹಾಕಂತ ಯಾರರೆ ಹೇಳ್ತಾರೇನ?”

ಕಾಶಿಬಾಯಿ ಕರಿ ಕನ್ನಡಕ ತೆಗೆದಳು. ಎಡಗಣ್ಣು ಕೆಂಪಗಿತ್ತು, ತುಸು ಮಂಜು ಕಟ್ಟಿದಂತಿತ್ತು. ಅವಳು ಇಬ್ಬರನ್ನೂ ನೋಡಲಿಲ್ಲ.

“ಯಕ್ಕಗ ಕೇಳ್ರಿ,” ಎಂದಳು. “ಅವರಿಗೆ ಎಲ್ಲಾ ಬಾಯಿಪಾಠ ಐತಿ.”

ಹೊರಗೆ ರಸ್ತೆಯಲ್ಲಿ ಲಾರಿಯೊಂದು ಹೋಯಿತು, ಅದರ ಹಿಂದೆ ಇನ್ನೊಂದು. ಅವೆರಡೂ ದಾಟುವವರೆಗೆ ಕಾಯಬಹುದೆನಿಸಿತು ಸುಭದ್ರಾಬಾಯಿಗೆ. ದಾಟಿದವು. ತಂದೆಯ ನೂರೆಂಟು ವಚನ ನಾಲಿಗೆಯ ಮೇಲಿದ್ದವು, ಒಂದೂ ನೆರವಿಗೆ ಬರಲಿಲ್ಲ. ಅವೆಲ್ಲ ಇನ್ನೊಬ್ಬರ ಮಾತು. ಹೇಳಬೇಕಾದ ತನ್ನ ಮಾತು ಒಂದೇ ಒಂದು.

“ನಾನೇ ಹೇಳೇನಿ,” ಎಂದಳು.

“ಏನಂತ್ರಿ?” ಎಂದ ಅರುಣಕುಮಾರ.

“ರೊಟ್ಟಿ ಹಿಟ್ಟಿಗೆ ಎಸರು ಹಾಕಿದಂಗ ಮಾಡು ಅಂತ. ಪ್ರವಚನಕ್ಕ ಹೊತ್ತಾಗಿತ್ತು. ಕಾಲು ಹೊರಗಿತ್ತು ನಂದು. ನೀರು ಮೊದಲು ಅನ್ನಲಿಲ್ಲ, ತಣ್ಣೀರು ಅನ್ನಲಿಲ್ಲ, ಕನ್ನಡಕ ಹಾಕ್ಕೋ ಅನ್ನಲಿಲ್ಲ. ನಾನರೆ ಯಾವಾಗ ಹಾಕ್ಕೊಂಡೇನಿ? ಆಕಿ ಹೇಳಿದಂಗೇ ಮಾಡ್ಯಾಳ. ಆ ಕಾಗದದಾಗ ಬರದದ್ದು ಸುಳ್ಳು. ಸುಳ್ಳಂತ ಗೊತ್ತಿದ್ದೇ ಸಹಿ ಹಾಕೇನಿ.”

ಮದೀನಾಬಿ ತೀರಾ ಮೆಲ್ಲಗೆ, “ಯಾ ಅಲ್ಲಾ,” ಎಂದಳು. ಮತ್ತೆ, “ಇಪ್ಪತ್ತೆರಡು ದಿನ ಯಕ್ಕಾ? ನಾ ಆಕಿ ಕಣ್ಣಾಗ ನೀರು ಬಿಡುವಾಗ ಆಕಿ ಒಂದೇ ಸಮ ಎಸರು, ಎಸರು ಅಂತಿದ್ಲು. ಹುಚ್ಚಾಗ್ಯಾಳ ಅನ್ಕೊಂಡೆ.”

ವಿಜಯಶ್ರೀಯ ಮುಖ ಬಾಡಿತ್ತು. “ನನಗರೆ ಹೇಳಬಾರದಿತ್ತೇನ್ರಿ? ನಾ ಬರದದ್ದು ಅದು. ನನ್ನ ಅಕ್ಷರ.”

ಅರುಣಕುಮಾರ ವರದಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಬೇರೆ ಬರೆಯಬೇಕಾಗುತ್ತದೆ ಎಂದ. ಸುಭದ್ರಾಬಾಯಿ ಇನ್ನು ಆರು ತಿಂಗಳು ಮುಖ್ಯಸ್ಥೆಯಾಗಿ ಇರುವಂತಿಲ್ಲ ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು. “ಇವತ್ತಿನದು ಕಲಸಬೇಕಲ್ಲ. ನಾ ನೋಡೇ ಹೋಗ್ತೇನಿ. ಯಾರು ಕಲಸ್ತೀರಿ?”

ಕಾಶಿಬಾಯಿ ಆಗಲೇ ಎದ್ದಿದ್ದಳು. ಮೊಳೆಯಿಂದ ಕನ್ನಡಕ ತೆಗೆದಳು, ಟಾಕಿಯ ನಳಕ್ಕೆ ಹಿಡಿದು ತೊಳೆದಳು, ಸೆರಗಿನಿಂದ ಒರೆಸಿ ತಲೆಗೆ ಬಿಗಿದಳು. ಮೊಣಕೈವರೆಗೆ ರಬ್ಬರಿನ ಕೈಗವಸು. ನೀಲಿ ಡ್ರಮ್ಮನ್ನು ಎಳೆದು ಬಾಗಿಲಿಗೆ, ಗಾಳಿಗೆ ತಂದಳು. ಅಳತೆಯ ಡಬ್ಬಿಯಲ್ಲಿ ತಣ್ಣೀರು ತುಂಬಿ ಹಾಕಿದಳು, ಒಂದು, ಎರಡು, ಮೂರು. ಅರುಣಕುಮಾರ ಏನೂ ಹೇಳಿಕೊಡಬೇಕಾಗಲಿಲ್ಲ. ಅವಳು ಆಸ್ಪತ್ರೆಯ ಮಂಚದ ಮೇಲೆ ಮಲಗಿ ತರಬೇತಿಯ ಆ ಹಾಳೆಯನ್ನು ಮಗಳ ಕೈಲಿ ಎಷ್ಟು ಸಲ ಓದಿಸಿರಬೇಕು, ಲೆಕ್ಕವಿಲ್ಲ.

ಆಮೇಲೆ ಚೀಲ ಬಿಚ್ಚಿದಳು. ಪ್ಲಾಸ್ಟಿಕ್ ಸೌಟಿನ ತುಂಬ ಬಿಳಿ ಚಕ್ಕೆ.

ಸುಭದ್ರಾಬಾಯಿ ನೋಡುತ್ತಿದ್ದಳು. ಒಂದೆರಡು ಚಕ್ಕೆ ಡ್ರಮ್ಮಿನ ಅಂಚಿಗೆ ಬಡಿದು ಹೊರಗೆ ಬಿದ್ದವು. ಎಡಗಣ್ಣಿಗೆ ಅಂಚು ಸರಿಯಾಗಿ ಕಾಣುತ್ತಿಲ್ಲ. ಕಾಶಿಬಾಯಿ ತಲೆ ವಾಲಿಸಿ, ಬಲಗಣ್ಣಿಗೆ ತಂದುಕೊಂಡು, ಎರಡನೆಯ ಸೌಟು ಬಿಟ್ಟಳು. ಮೂರನೆಯದು. ಡ್ರಮ್ಮಿನಿಂದ ಬಿಸಿ ಏಳತೊಡಗಿತು. ಅವಳು ಹಿಂದೆ ಸರಿದು, ಕಟ್ಟಿಗೆಯಿಂದ ಮೆಲ್ಲಗೆ ತಿರುವಿ, ಆರಲೆಂದು ನಿಂತಳು.

ಸುಭದ್ರಾಬಾಯಿಗೆ ನಿಲ್ಲಲಾಗಲಿಲ್ಲ. ಹೋಗಿ ಅವಳ ಮುಂದೆ ಎರಡೂ ಕೈ ಚಾಚಿದಳು. ಪ್ರಸಾದಕ್ಕೆ ಒಡ್ಡುವ ಹಾಗೆ ಇದ್ದವು ಆ ಕೈಗಳು.

“ಸೌಟು ತಾ ಇಲ್ಲಿ ಕಾಶಿ, ನನ್ನವ್ವ. ಕನ್ನಡಕಾನೂ ಹಾಕ್ಕೋತೇನಿ. ನೀ ಅಲ್ಲಿ ಮದೀನಾನ ಬಾಜೂಕ ಕುಂತು ಕಾಗದ ಸುತ್ತು. ಇನ್ನ ಮ್ಯಾಲ ಈ ಕೆಲಸ ನಿನ್ನ ಕೈಲೆ ಮಾಡಸಂಗಿಲ್ಲ. ನಾ ಇರೂತನಕ ನಾ ಮಾಡ್ತೇನಿ. ಇದೊಂದು ನನಗ ಬಿಟ್ಟುಕೊಡು, ನಿನ್ನ ಕಾಲಿಗೆ ಬೀಳ್ತೇನಿ.”

ಕಾಶಿಬಾಯಿ ಸೌಟನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು.

“ಒಲ್ಲೆ,” ಎಂದಳು.