ಎರಡು ತಲೆಯ ಕೇಬಲ್ಲು, ಒಂದು ತಲೆಗೆ ಮುದ್ರೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದೆಂಬುದೇ ತಲೆನೋವು. ಕಂಪ್ಯೂಟರೇ ಶುರುವಾಗದ ಕಥೆ ಇದು. ಕಥೆ ಮಾತ್ರ ಸಲೀಸಾಗಿ ಶುರುವಾಗಿಬಿಟ್ಟರೆ ಮೋಸವಲ್ಲವೇ? ಮೊದಲ ಕರಡಿನಲ್ಲಿ ‘ಸೊರೋಟಿಯ ಬಂಡೆಯ ಮೇಲೆ ಬಿಸಿಲು ಚೆಲ್ಲಿತ್ತು’ ಎಂದು ಬರೆದಿದ್ದೆ. ಇಪ್ಪತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ, ಆ ಬಂಡೆಯನ್ನು ತಲೆಯೆತ್ತಿ ನೋಡಿದವರನ್ನು ಕಂಡಿಲ್ಲ. ಹೊಡೆದು ಹಾಕಿದೆ.

೧ (ಮತ್ತೆ)

ಗುರುವಾರ, ಮಧ್ಯಾಹ್ನ ಎರಡು ಗಂಟೆ. ಹೆಣ್ಣುಮಕ್ಕಳ ಹೈಸ್ಕೂಲಿನ ಕಂಪ್ಯೂಟರ್ ಟೀಚರ್ ಡಿನಾ ಅಕಿರೋರ್ ಒಂದು ಹಳೇ ಕಂಪ್ಯೂಟರಿನ ಮುಂದೆ ಕೂತಿದ್ದಾಳೆ. ಬುಧವಾರ ಕರೆಂಟು ಹೋಗಿ ಬಂದ ಮೇಲೆ ಅದು ಏಳುತ್ತಿಲ್ಲ. ಅದರ ಹೊಟ್ಟೆಯೊಳಗೆ ಮೂವತ್ತೊಂದು ಹುಡುಗಿಯರ ಒಂದು ವರ್ಷದ ಪ್ರಾಜೆಕ್ಟುಗಳಿವೆ. ಇವತ್ತು ಸಂಜೆ ಐದರೊಳಗೆ ಅವು ಪರೀಕ್ಷಾ ಕಚೇರಿಗೆ ತಲುಪದಿದ್ದರೆ ಮೂವತ್ತೊಂದು ಮಂದಿಯೂ ಆ ವಿಷಯದಲ್ಲಿ ಫೇಲು.

(ಇನ್ನೊಂದು ಪ್ರತಿ ಯಾಕೆ ತೆಗೆದಿಡಲಿಲ್ಲ ಎಂದು ಕೇಳುವ ಓದುಗರೇ, ನಿಮ್ಮ ಫೋನಿನ ಫೋಟೋಗಳಿಗೆ ಇನ್ನೊಂದು ಪ್ರತಿ ಇದೆಯೇ? ಇಲ್ಲ ತಾನೆ. ಮುಂದೆ ಹೋಗೋಣ.)

೨

ಅವಳ ಹತ್ತಿರ ಉಪಾಯವಿತ್ತು. ಕಂಪ್ಯೂಟರನ್ನು ಸಿ.ಡಿ.ಯಿಂದ ಎಬ್ಬಿಸಿ, ಒಳಗಿನ ಫೈಲುಗಳನ್ನು ಪೆನ್‌ಡ್ರೈವಿಗೆ ಎಳೆದುಕೊಳ್ಳುವುದು. ಕಂಪ್ಯೂಟರಿನದೇ ಸಿ.ಡಿ. ಬಾಯಿ ಎಂದೋ ಕೆಟ್ಟಿತ್ತು. ಹಾಗಾಗಿ ಸ್ಟೋರಿನಿಂದ ಹೊಸ ಎಕ್ಸ್‌ಟರ್ನಲ್ ಡ್ರೈವ್ ತಂದಳು. ಸಿಕ್ಕಿಸಿದಳು. ದೀಪ ಮಿನುಗಿತು, ಸಿ.ಡಿ. ಗರ್ರೆಂದು ತಿರುಗಿತು, ಟಿಕ್ ಎಂದು ನಿಂತಿತು. ಪರದೆಯ ಮೇಲೆ ಅದೇ ಬಿಳಿ ಸಾಲು: ಬೂಟ್ ಮಾಡಲು ಏನೂ ಸಿಗಲಿಲ್ಲ.

ಸೆಟಪ್ಪಿಗೆ ಹೋಗಿ ಮೊದಲು ಸಿ.ಡಿ. ನೋಡು ಎಂದು ಹೇಳಿದಳು. ಮುಂದಿನ ಯು.ಎಸ್.ಬಿ. ಕಿಂಡಿ ಬಿಟ್ಟು ಹಿಂದಿನದಕ್ಕೆ ಹಾಕಿದಳು. ಸಿ.ಡಿ.ಯನ್ನು ಸೆರಗಿನಂಥ ಮೆತ್ತನೆ ಬಟ್ಟೆಯಲ್ಲಿ ಒರೆಸಿದಳು, ಸ್ಟಾಫ್ ರೂಮಿನ ಲ್ಯಾಪ್‌ಟಾಪಿಗೆ ಹಾಕಿ ನೋಡಿದಳು. ಅಲ್ಲಿ ಸರಿಯಾಗಿ ಓಡಿತು. ಇಲ್ಲಿ ಮಾತ್ರ ಗರ್ರ್, ಟಿಕ್. ಜಪ್ಪಯ್ಯ ಎಂದರೂ ಏಳಲಿಲ್ಲ.

(ಪೆನ್‌ಡ್ರೈವಿನಿಂದಲೇ ಎಬ್ಬಿಸಬಹುದಿತ್ತಲ್ಲ ಎನ್ನುವ ಜಾಣರೇ, ಆ ಮುದಿ ಕಂಪ್ಯೂಟರಿಗೆ ಆ ವಿದ್ಯೆ ಗೊತ್ತಿಲ್ಲ. ಗೊತ್ತಿದ್ದರೆ ನಾನು ಎರಡು ಸಾಲು ಬರೆದು ಊಟಕ್ಕೆ ಹೋಗುತ್ತಿದ್ದೆ.)

೩

ನನ್ನ ಲೆಕ್ಕಾಚಾರದಂತೆ ಡಿನಾ ಇಲ್ಲಿ ಸೋಲಬೇಕು. ಕಿಟಕಿಯ ಹತ್ತಿರ ನಿಂತು ದೂರ ನೋಡಬೇಕು. ಸೋಲಿಗೆ ಒಂದು ತೂಕವಿರುತ್ತದೆ, ವಿಮರ್ಶಕರು ತಲೆದೂಗುತ್ತಾರೆ. ‘ಅವಳು ಕಿಟಕಿಯ ಬಳಿ ನಡೆದಳು’ ಎಂದು ಬರೆದೆ.

ಅವಳು ಕುರ್ಚಿ ಬಿಟ್ಟು ಏಳಲೇ ಇಲ್ಲ.

“ಅಲ್ರೀ ಕಥೆಗಾರರೇ, ನಿಮ್ಮೋರು ತಲೆದೂಗ್ಲಿ ಅಂತ ನನ್ನ ಮೂವತ್ತೊಂದು ಮಕ್ಕಳು ಫೇಲಾಗಬೇಕಾ?”

“ನನ್ನ ಕೈಲೇನಿದೆ ಟೀಚರ್? ಡ್ರೈವ್ ಕೆಟ್ಟಿದೆ.”

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಹೊಸ ಡ್ರೈವ್ ಅಂತ ನೀವೇ ಬರ್ದಿದ್ದೀರಿ, ಮೇಲೆ ನೋಡ್ಕೊಳ್ಳಿ. ಈಗ ಸುಮ್ನಿರಿ, ನನಗೆ ಕೇಬಲ್ ನೋಡ್ಬೇಕು.”

ಮೇಲೆ ನೋಡಿದೆ. ಹೊಸ ಎಂದೇ ಬರೆದಿದ್ದೆ.

೪

ಡ್ರೈವಿನಿಂದ ಹೊರಟ ಕೇಬಲ್ಲು ತುದಿಯಲ್ಲಿ ಕವಲೊಡೆದಿತ್ತು, ಕಂಪ್ಯೂಟರಿಗೆ ಸಿಕ್ಕಿಸಲು ಎರಡು ತಲೆಗಳಿದ್ದವು. ಒಂದನ್ನು ಅವಳು ಕಿಂಡಿಗೆ ಹಾಕಿದ್ದಳು. ಇನ್ನೊಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ದಾರ ಬಿಗಿದು, ಕೆಂಪು ಅರಗಿನಿಂದ ಶಾಲೆಯ ಮುದ್ರೆ ಒತ್ತಿ, ಮಡಚಿ ಕಟ್ಟಲಾಗಿತ್ತು. ಬರೇ ಗಂಟು ಎಂದುಕೊಂಡು ಅವಳು ಅದನ್ನು ಇಷ್ಟು ಹೊತ್ತೂ ಪಕ್ಕಕ್ಕೆ ಸರಿಸುತ್ತಿದ್ದಳು.

ಇದು ಸ್ಟೋರ್ ಕೀಪರ್ ಎಮುರೋನ್ ತಾತನ ಕೆಲಸ. ಆ ಶಾಲೆಯಲ್ಲಿ ಏನೇ ಎರಡು ಬಂದರೂ ತಾತ ಒಂದನ್ನು ಬಳಕೆಗೆ ಕೊಟ್ಟು ಇನ್ನೊಂದಕ್ಕೆ ಮುದ್ರೆ ಹಾಕುತ್ತಾನೆ. ಸಲಿಕೆ, ಡಸ್ಟರ್, ಫುಟ್‌ಬಾಲಿನ ಬ್ಲಾಡರ್, ಎಲ್ಲಕ್ಕೂ ಅದೇ ನಿಯಮ. ಇಪ್ಪತ್ತೆರಡು ವರ್ಷದಲ್ಲಿ ಹೆಡ್‌ಮಾಸ್ಟರ ಸಹಿಯಿಲ್ಲದೆ ಒಂದು ಮುದ್ರೆಯನ್ನೂ ಒಡೆದವನಲ್ಲ. ಹೆಡ್‌ಮಾಸ್ಟರು ಅವತ್ತು ಸಾವಿನ ಮನೆಗೆಂದು ಕುಮಿ ಎಂಬ ಊರಿಗೆ ಹೋಗಿದ್ದರು.

ಮೂರೂವರೆಗೆ ತಾತನೇ ಬಂದ, ಡ್ರೈವ್ ವಾಪಸ್ ಕೇಳಲು. (ನಾಲ್ಕಕ್ಕೆ ಸ್ಟೋರು ಬಂದ್.)

“ತಾತ, ಈ ಮುದ್ರೆ ಒಡೀಬೇಕು.”

“ಅದು ನಾಳೆಗೆ ಟೀಚರಮ್ಮ. ಇದು ಸವೆದ ಮೇಲೆ ಅದು.”

“ಇದು ಸವೆಯೋ ವಸ್ತು ಅಲ್ಲ. ಒಂದು ತಲೆಯಿಂದ ಬರೋ ಕರೆಂಟು ಇದಕ್ಕೆ ಸಾಲ್ತಿಲ್ಲ, ನೋಡಿ.” ಅವಳು ಗುಂಡಿ ಒತ್ತಿದಳು. ಗರ್ರ್. ಟಿಕ್.

ತಾತ ಕಿವಿಗೊಟ್ಟು ಕೇಳಿದ. “ಉಸಿರು ಕಟ್ತಿದೆ,” ಅಂದ. ಆಮೇಲೆ, “ಆದ್ರೆ ಸಹಿ ಬೇಕಲ್ಲ.”

ಇಲ್ಲಿ ನಾನು ತಾತನನ್ನು ಗಟ್ಟಿ ಮನಸ್ಸಿನವನನ್ನಾಗಿ ಮಾಡಿ ಕಥೆಯನ್ನು ಗೆಲ್ಲಿಸಿಕೊಳ್ಳಬಹುದಿತ್ತು. ‘ತಾತ ತಲೆಯಾಡಿಸಿ ಹೊರಟುಹೋದ’ ಎಂದು ಬರೆದೂ ಆಗಿತ್ತು. ಡಿನಾ ಆ ಸಾಲಿಗೆ ಅಡ್ಡ ನಿಂತಳು.

“ತಾತ, ನೆಂಟನ್ನ ಕರ್ದು ಮಡಕೆ ಮುಂದೆ ಕೂರಿಸಿ, ಮಡಕೆ ತುಂಬಾ ರಾಗಿ ಬೀರು ಇಟ್ಟು, ಅದನ್ನ ಹೀರೋ ಕೊಳವೆಗೆ ಮಾತ್ರ ಮುದ್ರೆ ಹಾಕಿ ಒಳಗಿಟ್ರೆ ಏನಂತಾರೆ?”

ತಾತನ ಮನೆಯಂಗಳದ ಮಡಕೆಗೆ, ಸುತ್ತ ಕೂತು ಹೀರಲು, ಒಂಬತ್ತು ಉದ್ದ ಕೊಳವೆಗಳಿವೆ, ನನ್ನದೂ ಒಂದು. ಬಂದವನಿಗೆ ಕೊಳವೆ ಕೊಡದ ದಿನ ಅವನ ಬದುಕಿನಲ್ಲಿಲ್ಲ.

“ಅಂಥೋನ ಅಂಗಳಕ್ಕೆ ನಾಯೀನೂ ಬರಲ್ಲ,” ಅಂದ. ಕೇಬಲ್ ಎತ್ತಿಕೊಂಡು, ಇಪ್ಪತ್ತೆರಡು ವರ್ಷದ ನಿಯಮವನ್ನೂ ಮುದ್ರೆಯನ್ನೂ ಒಟ್ಟಿಗೆ ಹಲ್ಲಿನಿಂದಲೇ ಕಚ್ಚಿ ಒಡೆದ.

೫

ಡಿನಾ ಮೌಸನ್ನು ಕಿತ್ತು ಆ ಕಿಂಡಿಗೆ ಎರಡನೇ ತಲೆ ಹಾಕಿದಳು. ಗರ್ರ್. ಟಿಕ್ ಬರಲಿಲ್ಲ. ಗರ್ರೆನ್ನುವುದು ಏರಿತು, ಹದಕ್ಕೆ ಬಂತು, ಪರದೆ ನೀಲಿಯಾಯಿತು. ಮೂವತ್ತೊಂದು ಹೆಸರಿನ ಮೂವತ್ತೊಂದು ಫೋಲ್ಡರುಗಳು ಒಂದರ ಕೆಳಗೊಂದು ಬಂದು ನಿಂತವು. ಅವಳು ಎರಡು ಸಲ ಎಣಿಸಿದಳು. ತಾತ ಬೆರಳಿಟ್ಟು ಮೂರನೇ ಸಲ ಎಣಿಸಿದ. ನನಗೆ ಎಷ್ಟು ಖುಷಿಯಾಯಿತೆಂದರೆ ಬರೆಯುವುದನ್ನು ಬಿಟ್ಟು ಎದ್ದು ಕೋಣೆಯಲ್ಲಿ ಒಂದು ಸುತ್ತು ಹಾಕಿದೆ.

ನಾಲ್ಕು ಮೂವತ್ತೆಂಟಕ್ಕೆ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ಅವಳು ಬಾಡಿಗೆ ಬೈಕು ಹತ್ತಿದಳು. ಕಚೇರಿಗೆ ಹತ್ತು ನಿಮಿಷದ ದಾರಿ.

ಮುಕ್ತಾಯ ಅ: ಬೈಕು ಪಂಕ್ಚರ್. (ಬರೆಯುತ್ತಿದ್ದಂತೆ ಡಿನಾ ಹಿಂದಿರುಗಿ ನೋಡಿ, “ಕೈ ಮುರೀತೀನಿ,” ಅಂದಳು. ಕೈಬಿಟ್ಟೆ.)

ಮುಕ್ತಾಯ ಆ: ಅವಳು ತಲುಪಿದಳು, ಎಲ್ಲರೂ ಚಪ್ಪಾಳೆ ತಟ್ಟಿದರು. (ಪರೀಕ್ಷಾ ಕಚೇರಿಯಲ್ಲಿ ಯಾರೂ ಚಪ್ಪಾಳೆ ತಟ್ಟುವುದಿಲ್ಲ.)

ಮೂರನೆಯದನ್ನು ನಾನು ಬರೆಯುವುದಿಲ್ಲ. ಅವಳು ಬೈಕಿನ ಮೇಲಿದ್ದಾಳೆ, ರಸ್ತೆ ಖಾಲಿಯಿದೆ, ನಗುತ್ತಿದ್ದಾಳೆ. ಅಲ್ಲೇ ಇರಲಿ.

ನಾನು ಉಳಿದದ್ದು ತಾತನ ಜೊತೆ. ಸ್ಟೋರಿನ ಬಾಗಿಲು ಐದಾದರೂ ತೆರೆದೇ ಇತ್ತು. ಅವನು ದಪ್ಪ ರಿಜಿಸ್ಟರ್ ತೆಗೆದು, ‘ಮುದ್ರೆ ಒಡೆದ ಕಾರಣ’ ಎಂಬ ಕಾಲಮಿನಲ್ಲಿ ದುಂಡಗೆ ಬರೆದ: ‘ನೆಂಟರು ಬಂದಿದ್ದರು. ಮೂವತ್ತೊಂದು ಜನ.’

ಪಕ್ಕದಲ್ಲಿ ‘ವಾಪಸ್ ಬಂದ ದಿನಾಂಕ’ ಎಂಬ ಕಾಲಮಿತ್ತು. ತಾತ ಪೆನ್ನಿನ ಟೋಪಿ ಮುಚ್ಚಿ, ಅದನ್ನು ಖಾಲಿ ಬಿಟ್ಟ. ನಾನೂ ಬಿಟ್ಟಿದ್ದೇನೆ.