ಬೆಚ್ಚಗಿನ ಪಾದ

ಫಿನಾಯಿಲ್ ಇನ್ನೂ ಒಣಗಿಲ್ಲ, ಕಿಟಕಿಯ ಬಿಸಿಲು ನೆಲದ ತೇವದ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತಿದೆ, ಮಂಚದ ಪಕ್ಕದ ಯಂತ್ರದ ಪರದೆಯ ಮೇಲೆ ಅಕ್ಷರ ಮೂಡಿದೆ, ಮಗುವನ್ನು ಮನೆಗೆ ಕಳಿಸಬಹುದು — ನನ್ನದೇ ಮಾತು, ನನ್ನದೇ ಧಾಟಿ, ಕೆಳಗೆ ಸಣ್ಣದಾಗಿ ಕಾರಣಗಳು, ಜ್ವರ ಇಳಿದಿದೆ, ಹಾಲು ಕುಡಿದಿದೆ, ಪಾದ ಬೆಚ್ಚಗಿದೆ. ತಾಯಿ ಆಗಲೇ ಚೀಲ ತುಂಬಿಟ್ಟಿದ್ದಾಳೆ, ಹೊರಡಬಹುದಾ ಡಾಕ್ಟ್ರೇ ಅನ್ನುತ್ತಾಳೆ, ತಾಳಮ್ಮ ಒಂದ್ನಿಮಿಷ ಅಂದೆ, ಯಾವುದಕ್ಕೆ ತಾಳಬೇಕೋ ನನಗೇ ಗೊತ್ತಿಲ್ಲ. ಮೊದಲಾದರೆ ತಾಯಿ ಕೇಳುವ ಮುಂಚೆಯೇ ಗೊತ್ತಿರುತ್ತಿತ್ತು, ಹೋಗ್ಬನ್ನಿ ಅಂತಲೋ ಇವತ್ತೊಂದಿನ ಇರಲಿ ಅಂತಲೋ ಬಾಯಿ ತಾನಾಗಿ ಹೇಳಿಬಿಡುತ್ತಿತ್ತು, ಈಗ ಕೈ ಮಗುವಿನ ಪಾದದವರೆಗೆ ಹೋಗಿ ನಿಲ್ಲುತ್ತದೆ, ಹಿಂದೆ ಯಾರೋ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ, ತಿರುಗಿದರೆ ಯಾರೂ ಇಲ್ಲ, ಯಾಕೆ ಯಾಕೆ ಅಂತ ಕೇಳುತ್ತಿದ್ದ ಆ ಯಾಕಪ್ಪ ತನ್ನ ಕೆಲಸ ಮುಗಿಸಿ ಹೋಗಿ ವರ್ಷದ ಮೇಲಾಯಿತು.

ಯಾಕಪ್ಪ ಅಂತ ಹೆಸರಿಟ್ಟದ್ದು ವಾರ್ಡಿನ ಹಿರಿಯ ನರ್ಸು. ನನ್ನ ತಲೆಯಲ್ಲಿರುವುದನ್ನೆಲ್ಲ ಕೇಳಿ ತಿಳಿದು ಯಂತ್ರಕ್ಕೆ ಕಲಿಸಲು ಬಂದವನು, ಊಟಕ್ಕೆ ಕೂತರೂ ಬೆನ್ನು ಬಿಡುತ್ತಿರಲಿಲ್ಲ, ಈ ಮಗೂನ ಯಾಕೆ ಇಟ್ಕೊಂಡ್ರಿ ಮೇಡಂ, ಅದನ್ನ ಯಾಕೆ ಕಳಿಸಿದ್ರಿ, ಸುಮ್ನೆ ಹಾಗನ್ನಿಸ್ತು ಕಣಪ್ಪ ಅಂದರೆ, ಅನ್ನಿಸೋಕೆ ಮುಂಚೆ ಏನು ನೋಡಿದ್ರಿ — ಪಾಪ, ಒಳ್ಳೆಯ ಮನುಷ್ಯ, ಬೈಯಲು ಬಾಯಿ ಬರುವುದಿಲ್ಲ. ಒಂದು ದಿನ ನನ್ನ ವಿಡಿಯೋ ತೆಗೆದು ನನಗೇ ತೋರಿಸಿದ, ನೋಡಿ, ಪ್ರತಿ ಸಲ ಹೇಳೋಕೆ ಮುಂಚೆ ಪಾದ ಹಿಡೀತೀರಿ, ಯಾಕೆ. ನನಗೆ ಗೊತ್ತೇ ಇರಲಿಲ್ಲ, ಯಾವಳೋ ಹೆಂಗಸು ಮಗುವಿನ ಅಪ್ಪನ ಜೊತೆ ಹರಟುತ್ತಾ ನಗುತ್ತಾ ಇದ್ದಾಳೆ, ಕೈ ಮಾತ್ರ ತನ್ನ ಪಾಡಿಗೆ ತಾನು ಹೊದಿಕೆಯೊಳಗೆ ನುಸುಳುತ್ತಿದೆ, ಕಳ್ಳಿಯ ಹಾಗೆ. ಬೆಚ್ಚಗಿದೆಯಾ ನೋಡ್ತೀನೇನೋ ಅಂದೆ, ರಕ್ತ ಸರಿಯಾಗಿ ಓಡದಿದ್ದರೆ ಪಾದ ತಣ್ಣಗಾಗುತ್ತಲ್ಲ, ಪುಸ್ತಕದಲ್ಲೂ ಇದೆ. ಅವನ ಮುಖ ಅರಳಿತು. ಹಳೆಯ ರೋಗಿಗಳ ವಿವರ ಹಾಕಿ ಪರೀಕ್ಷೆ ಮಾಡಿದಾಗ ಯಂತ್ರ ಹೇಳುವುದೂ ನಾನು ಹೇಳಿದ್ದೂ ಹೆಚ್ಚುಕಡಿಮೆ ಒಂದೇ, ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ.

ಮಕ್ಕಳ ಡಾಕ್ಟರು ಇಲ್ಲದ ಆಸ್ಪತ್ರೆಗಳಲ್ಲೆಲ್ಲ ಈಗ ಅದು ಕೂತಿದೆ, ನಾನು ಕಾಲಿಡದ ಊರುಗಳಲ್ಲಿ ನಾನು ಮಾತಾಡುತ್ತಿದ್ದೇನೆ, ಮತ್ತು ನಿನ್ನೆ ಅಂಥದೊಂದು ಊರಿನಿಂದ ಫೋನ್ ಬಂತು, ನಿಮ್ಮ ಯಂತ್ರ ಕಳಿಸಬಹುದು ಅಂತು, ಕಳಿಸಿದ್ವಿ, ಮಗು ದಾರೀಲೇ ಹೋಗ್ಬಿಡ್ತು ಮೇಡಂ, ಎಲ್ಲಾ ಸರಿಯಿತ್ತು, ಪಾದಾನೂ ಬೆಚ್ಚಗೇ ಇತ್ತು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆ ಮಗುವನ್ನು ನಾನು ನೋಡಿಲ್ಲ, ಗಂಡೋ ಹೆಣ್ಣೋ ಕೇಳಲೂ ಇಲ್ಲ, ಆದರೆ ಪಾದ ಕಾಣುತ್ತದೆ, ಹಲ್ಲುಜ್ಜುವಾಗ, ಮೆಟ್ಟಿಲಿಳಿಯುವಾಗ, ಅಂಗೈ ಮೇಲೆ ಅದರ ಭಾರ ಕೂಡ. ಬೆಳಿಗ್ಗೆ ಮನೆಯಲ್ಲಿ ಇವರು ಉಪ್ಪು ಸಾಕಾ ನೋಡು ಅಂತ ಚಮಚ ಹಿಡಿದರು, ಬಾಯಲ್ಲಿಟ್ಟುಕೊಂಡು ನಿಂತುಬಿಟ್ಟೆ, ಸಾಕು ಅಂತ ಹೇಗೆ ಗೊತ್ತಾಗುವುದು, ಯಾಕೆ, ಏನಾಯ್ತೇ ನಿಂಗೆ ಅಂದರು. ಭಯ, ಇನ್ನೇನು, ಇಷ್ಟು ವರ್ಷ ಮಕ್ಕಳ ಮಂಚದ ಮುಂದೆ ಇಲ್ಲದ ಭಯ. ಇನ್ನೊಬ್ಬರನ್ನು ಕೇಳೋಣವೆಂದರೆ ಎಲ್ಲರೂ ಯಂತ್ರವನ್ನು ನೋಡುತ್ತಾರೆ, ಯಂತ್ರ ನಾನು ಹೇಳಿಕೊಟ್ಟದ್ದನ್ನು ಹೇಳುತ್ತದೆ, ಸುತ್ತಿ ಬಳಸಿ ನನ್ನ ಹತ್ತಿರವೇ ಬಂದು ನಿಲ್ಲುತ್ತದೆ.

ತಾಯಿ ಮಗುವಿಗೆ ಕಾಲುಚೀಲ ಹಾಕುತ್ತಿದ್ದಾಳೆ, ದಿನಾ ಒಂದು ರಂಪ ಮಾಡ್ತಾನೆ ಡಾಕ್ಟ್ರೇ, ಇವತ್ತು ನೋಡಿ, ಎಷ್ಟು ಜಾಣ, ಸುಮ್ನೆ ಹಾಕಿಸ್ಕೊಳ್ತಿದಾನೆ — ಎಷ್ಟು ಜಾಣೆ, ಹೌದು, ನಾನೂ ಅಂದಿದ್ದೆ, ನನ್ನ ಮಗಳು, ಆಗಿನ್ನೂ ಎಳೆಗೂಸು, ಕಾಲುಚೀಲ ಕಂಡರೆ ಕಾಲು ಹೊಟ್ಟೆಗೆ ಎಳೆದುಕೊಳ್ಳುವಳು, ಒಂದು ಹಾಕುವಷ್ಟರಲ್ಲಿ ಇನ್ನೊಂದು ಮಂಚದ ಕೆಳಗೆ, ಒಂದೇ ಒಂದು ದಿನ ಸುಮ್ಮನೆ ಹಾಕಿಸಿಕೊಂಡಳು, ಎಷ್ಟು ಜಾಣೆ ನನ್ನ ಬಂಗಾರ ಅಂದೆ, ಸಂಜೆಗೆ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೆ, ಉಳಿದಳು, ಸದ್ಯ ಉಳಿದಳು, ಅವತ್ತಿನಿಂದಲೇ ಇರಬೇಕು ಈ ಕೈ ಹೊದಿಕೆಯೊಳಗೆ ಹೋಗತೊಡಗಿದ್ದು — ಹಾಗಾದರೆ ಬಿಸಿ ನೋಡಲು ಅಲ್ಲ, ಯಾವತ್ತೂ ಅಲ್ಲ, ಕೈ ಹುಡುಕುತ್ತಿದ್ದದ್ದು ಆ ಎಳೆತ, ಬಿಡು ನನ್ನ ಅನ್ನುವ ಸಿಟ್ಟು, ಚೆನ್ನಾಗಿರುವ ಮಗು ಪಾದ ಕೊಡುವುದಿಲ್ಲ, ಸೋತ ಮಗು ಎಳೆದುಕೊಳ್ಳುವುದಿಲ್ಲ, ಅದರ ಪಾದ ಸಾಮಾನ್ಯವಾಗಿ ತಣ್ಣಗೂ ಇರುತ್ತದೆ, ಅದಕ್ಕೇ ಪರೀಕ್ಷೆಯಲ್ಲಿ ಎಲ್ಲ ಹೊಂದಿತು, ಸಾಮಾನ್ಯವಾಗಿ, ಯಾವಾಗಲೂ ಅಲ್ಲ, ಯಾಕಪ್ಪ, ಎಲ್ಲಿದ್ದೀಯೋ, ಬಾರೋ, ಬರ್ಕೊಳ್ಳೋ — ಎಷ್ಟು ಊರಲ್ಲಿ ಈಗ, ಈ ಹೊತ್ತಿನಲ್ಲಿ, ನನ್ನ ಮಾತು ಕೇಳಿ ಚೀಲ ಕಟ್ಟುತ್ತಿದ್ದಾರೆ. ಬಿಡಮ್ಮ ಅಂದೆ, ಕಾಲುಚೀಲ ತೆಗೆದೆ, ಪಾದ ಹಿಡಿದೆ, ಬೆಚ್ಚಗಿದೆ, ಉಗುರಿನಿಂದ ಅಂಗಾಲು ಗೀರುತ್ತೇನೆ, ಎಳ್ಕೋ ಕಂದ, ಇನ್ನೊಮ್ಮೆ ಗೀರುತ್ತೇನೆ, ಒದಿ ನನ್ನ, ಎಳ್ಕೋ, ಪಾದ ಬೆಚ್ಚಗೆ ನನ್ನ ಕೈಯಲ್ಲಿದೆ, ನನ್ನ ಕೈಯಲ್ಲೇ ಇದೆ