ಬೇವು ಇದ್ದ ಜಾಗ

ಹರಿಗೋಲಿನ ತಳ ಕಲ್ಲಿಗೆ ಉಜ್ಜಿತು. ಕೂರಿಸಿ ಹಗ್ಗ ಕಟ್ಟಿದ್ದ ಹೆಣ ಮುಂದಕ್ಕೆ ವಾಲಿ ಬಸ್ಸಮ್ಮನ ಭುಜಕ್ಕೆ ಬಂದು ಒರಗಿತು. ಬದುಕಿದ್ದಾಗ ನಾಲ್ಕು ಜನರೆದುರು ಹೀಗೆ ಒರಗಿದವನಲ್ಲ ಕನಕಪ್ಪ. ಅವಳು ಒಂದು ಕೈಯಲ್ಲಿ ಗಂಡನ ರುಮಾಲು ಸರಿಮಾಡಿ ಇನ್ನೊಂದರಲ್ಲಿ ಹರಿಗೋಲಿನ ಅಂಚು ಹಿಡಿದಳು.

“ಹಿಂದಕ್ಕ ತಿರುಗ್ಸಲೇ ಸಂಜೀವ! ಎಲ್ಲಾರ್ನೂ ಕೂಡೇ ಹೂಳಬೇಕಂತ ಮಾಡೀಯೇನು?” ಮಹಮ್ಮದ್ ಹುಸೇನ್ ಕೂಗಿದ. ಹೊಳೆಯ ನಡುಗಡ್ಡೆಯ ಮೇಲೆ ಬೆಳೆದ ಬದನೆ, ಮೆಣಸಿನಕಾಯಿ ತಂದು ಮಾರುವ ಅವನು ಕನಕಪ್ಪನ ಹರಿಗೋಲಿನಲ್ಲೇ ತಲೆ ಹಣ್ಣು ಮಾಡಿಕೊಂಡವನು.

ಹುಟ್ಟು ಹಾಕುತ್ತಿದ್ದ ಸಂಜೀವ ಕನಕಪ್ಪನ ತಮ್ಮನ ಮಗ. ಅಂಬಿಗರ ಮನೆಯಲ್ಲಿ ಹುಟ್ಟಿದ್ದರೂ ಎಷ್ಟೋ ವರ್ಷದಿಂದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸಕ್ಕಿದ್ದ. ಮೇಲಿನಿಂದ ನೀರು ಬಿಟ್ಟಿದ್ದರಿಂದ ಕೃಷ್ಣೆ ಕೆಂಪಾಗಿ ತುಂಬಿ ಹರಿಯುತ್ತಿದ್ದಳು. ಹೊಳೆಯ ನಡುವಿನ ಎರಡು ಬಂಡೆಸಾಲು ನೀರಡಿ ಮುಚ್ಚಿಹೋಗಿದ್ದವು. ಅವುಗಳ ನಡುವಿನ ದಾರಿ ತಪ್ಪಿದರೆ ಹರಿಗೋಲು ಉಳಿಯುವುದಿಲ್ಲ. ಆದರೆ ಅಂಬಿಗರ ಗೋರಿಗಳೆಲ್ಲ ಆಚೆಯ ಹಿರೇಗಡ್ಡೆಯಲ್ಲೇ ಇದ್ದವು. ಕನಕಪ್ಪನ ಅಪ್ಪ, ಅಜ್ಜ ಎಲ್ಲರೂ ಅಲ್ಲೇ.

ನಿನ್ನೆ ಸಂಜೆ ಚಾ ಕುಡಿದು ಗೋಡೆಗೆ ಒರಗಿದವನು ಏಳಲಿಲ್ಲ. ಆಗಿನಿಂದ ಬಸ್ಸಮ್ಮ ಕೇಳಿದ್ದು ಒಂದೇ: ತನ್ನ ಕೈಯಾರೆ ಅವನಿಗೆ ಹಿಡಿ ಮಣ್ಣು ಹಾಕಬೇಕು. ಅಷ್ಟಾದರೆ ಸಾಕು, ಆಮೇಲೆ ಬಿದ್ದುಕೊಳ್ಳುತ್ತೇನೆ ಅಂದಿದ್ದಳು.

ಹೇಗೋ ತಿರುಗಿ ಊರಿನ ದಂಡೆಯನ್ನೇ ಮುಟ್ಟಿದರು. ಸಂಜೀವ ಹುಟ್ಟು ಬಿಸಾಕಿ ಮಣ್ಣಿನ ಮೇಲೆ ಕುಕ್ಕರಿಸಿದ.

“ಹಿಂದ ನೋಡ್ಕೋತ ಹುಟ್ಟು ಹಾಕು ಅಂತ ದೊಡ್ಡಪ್ಪ ಕಲಿಸಿದ್ದ. ಬೇವಿನ ಮರದ ಹಿಂದ ಶಕ್ತಿನಗರದ ಚಿಮಣಿ ಮುಚ್ಚಿರಬೇಕು. ಚಿಮಣಿ ಆಕಡಿ ಈಕಡಿ ಇಣುಕಿದ್ರ ಕಲ್ಲಿನ ಮ್ಯಾಲೆ ಹೊಂಟೀವಿ ಅಂತ ತಿಳ್ಕೋ ಅಂತಿದ್ದ. ಚಿಮಣಿ ಅದ. ಬೇವು ಎಲ್ಲದ?”

“ಪಂಪ್‌ಹೌಸಿನ ರಸ್ತಾಕ್ಕ ಕಡದ್ರಲ್ಲೋ. ಬೊಡ್ಡಿನೂ ಬಿಡಲಿಲ್ಲ, ಮ್ಯಾಲೆ ಕಂಕರ್ ಹಾಸ್ಯಾರ,” ಅಂದ ಹುಸೇನ್.

“ಮತ್ತ ದೊಡ್ಡಪ್ಪ ಹ್ಯಾಂಗ ದಾಟತಿದ್ದ?”

ಹುಸೇನ್ ಬಸ್ಸಮ್ಮನ ಕಡೆ ನೋಡಿ ಕಣ್ಣು ತಗ್ಗಿಸಿದ. “ಬೇವು ಇದ್ದಲ್ಲಿ ಅಕ್ಕ ನಿಂದರ್ತಿದ್ಲಲ್ಲ.”

*

ಮರ ಕಡಿದ ಮೇಲೆ ಕನಕಪ್ಪ ಕೆಲವು ದಿನ ಹರಿಗೋಲು ಇಳಿಸಲೇ ಇಲ್ಲ. ಆಮೇಲೊಂದು ದಿನ ರಾಯಚೂರಿಗೆ ಹೋಗಿ ಮೆಣಸಿನಕಾಯಿಯಂಥ ಕೆಂಪು ಸೀರೆ ತಂದ. ಹಬ್ಬ ಬಂದರೂ ಸೀರೆಯ ಸುದ್ದಿ ಎತ್ತದ ಗಂಡ!

“ಇದನ್ನ ಉಟ್ಕೊಂಡು ದಂಡಿಗೆ ಬಾ.”

“ಯಾಕ?”

“ಬೇವು ಇದ್ದಲ್ಲಿ ನಿಂದರು. ನಾ ಗಡ್ಡಿ ಮುಟ್ಟೋತನಕ ನೋಡು.”

“ಹಲ್ಲು ಬಿದ್ದ ಮ್ಯಾಲೆ ಹುಡುಗಾಟ ಶುರುವಾತು ನಿಂದು,” ಎಂದು ಅವಳು ಬೈದಳು. ಬೈದು, ಉಟ್ಟು, ಹೋದಳು.

ಅಂದಿನಿಂದ ಅದೇ ಪಾಠ. ಹರಿಗೋಲು ಹೊರಟಾಗ, ತಿರುಗಿ ಬರುವಾಗ ಬಸ್ಸಮ್ಮ ಅಲ್ಲಿ ನಿಲ್ಲಬೇಕು. ಒಲೆಯ ಮೇಲಿನ ಹಾಲು ಉಕ್ಕಿತು, ಮೊಣಕಾಲು ನೋಯುತ್ತದೆ, ಬಿಸಿಲಿಗೆ ತಲೆ ತಿರುಗುತ್ತದೆ ಎಂದು ಗೊಣಗುತ್ತಲೇ ನಿಂತಳು. ಅವಳಿಗೆ ಜ್ವರ ಬಂದ ದಿನ ಅವನೂ ಹೊಳೆಗಿಳಿಯಲಿಲ್ಲ. ನನ್ನ ಮುಖ ನೋಡದೆ ನಮ್ಮವರು ಹುಟ್ಟು ಮುಟ್ಟುವುದಿಲ್ಲ ಎಂದು ಅವಳು ಓಣಿಯ ತುಂಬ ಹೇಳಿಕೊಂಡು ಬಂದಿದ್ದಳು.

*

“ಅಂದ್ರ ಮರದ ಬದ್ಲಿ ನನ್ನ ನಿಂದರ್ಸಿದ್ನೇನು?” ಬಸ್ಸಮ್ಮ ಕೇಳಿದಳು. ನಿನ್ನೆಯಿಂದ ಬಾರದ ಸಿಟ್ಟು ಈಗ ಬಂತು. ಹೆಣದ ಎದುರು ನಿಂತು, “ಬಾಯಿ ಬಿಟ್ಟು ಒಂದು ಮಾತು ಹೇಳಬಾರ್ದಾಗಿತ್ತೇನೋ?” ಅಂದಳು. ಮೋಸಹೋದೆ ಅನ್ನಿಸಿತು ಅವಳಿಗೆ.

“ಬ್ಯಾರೆ ಯಾರ್ನರ ನಿಂದರ್ಸು ಅಂದಿದ್ದೆ ನಾ,” ಅಂದ ಹುಸೇನ್ ಮೆಲ್ಲಗೆ. “‘ಬ್ಯಾರೆಯವ್ರು ಬ್ಯಾಸತ್ತು ಹೋಗಿಬಿಡ್ತಾರ. ಆಕಿ ಬೈಕೋತ ಆದ್ರೂ ನಿಂದರ್ತಾಳ’ ಅಂದ.”

ಸಂಜೀವ ಬಿದಿರಿಗೆ ಬಟ್ಟೆ ಕಟ್ಟಿ ನೆಡಲು ನೋಡಿದ. ಗಟ್ಟಿಯಾಗಿ ಹಾಸಿದ ಕಂಕರ್ ಜಲ್ಲಿಯಲ್ಲಿ ಅದು ಇಳಿಯಲಿಲ್ಲ, ಗಾಳಿಗೆ ಉರುಳಿತು. ಕನಕಪ್ಪನ ತಂಗಿ ಶಿವಗಂಗಾ ಮೂಗು ಒರೆಸಿಕೊಳ್ಳುತ್ತ ಮುಂದೆ ಬಂದಳು. “ನೀ ಹೋಗು ವೈನಿ, ಮಣ್ಣು ಹಾಕಿ ಬಾ. ನಾ ನಿಂದರ್ತೀನಿ.”

ಬಸ್ಸಮ್ಮ ಹೊಳೆ ನೋಡಿದಳು, ಹೆಣ ನೋಡಿದಳು, ಹರಿಗೋಲಿನ ಸುತ್ತ ನಿಂತ ಜನರನ್ನು ನೋಡಿದಳು. ತುಂಬ ದಣಿದಿದ್ದಳು.

“ನೀ ಅಳ್ಕೋತ ಕುಂತುಬಿಡ್ತಿ,” ಅಂದು ದಂಡೆಯ ಮೇಲಿನ ತನ್ನ ಮನೆಯೊಳಗೆ ಹೋದಳು.

ಕೆಂಪು ಸೀರೆ ಉಟ್ಟು ಬಂದದ್ದು ಕಂಡು ಶಿವಗಂಗಾ ಗಲ್ಲಕ್ಕೆ ಕೈ ಹಚ್ಚಿದಳು. “ಇವತ್ತ ಇದನ್ನ ಉಡ್ತಾರೇನು? ಮಂದಿ ಏನಂದಾರು?”

“ಮಂದಿ ಹರಿಗೋಲಿನ್ಯಾಗ ಕುಂದ್ರತಾರ. ಮುಳುಗಿದ್ರ ಏನೂ ಅನ್ನಾಂಗಿಲ್ಲ.”

ರಸ್ತೆಯ ಅಂಚಿನಿಂದ ಒಂದು ಹಿಡಿ ಮಣ್ಣು ಬಾಚಿ ಹುಸೇನನ ಹೆಗಲ ವಸ್ತ್ರದ ತುದಿಗೆ ಕಟ್ಟಿದಳು. “ನನ್ನ ಹೆಸರಿಲೆ ಹಾಕು. ಅವನ ಮುಖ ಈಕಡಿ ಮಾಡಿ ಕುಂದರ್ಸ್ರಿ.”

ಕಂಕರಿನ ಮೇಲೆ ಯಾವ ಗುರುತೂ ಇರಲಿಲ್ಲ. ಅವಳ ಕಾಲುಗಳು ನೆಟ್ಟಗೆ ಹೋಗಿ ಒಂದು ಕಡೆ ನಿಂತವು. ಎರಡೂ ಕೈಯಲ್ಲಿ ಸೆರಗು ಅಗಲಿಸಿ ಹಿಡಿದಳು.

ಹರಿಗೋಲು ಹೊರಟಿತು. ಸಂಜೀವ ಚಿಮಣಿಯನ್ನು ಕೆಂಪು ಸೀರೆಯ ನೇರಕ್ಕೇ ಇಟ್ಟುಕೊಂಡು, ಅವಳನ್ನೇ ನೋಡುತ್ತ ಹುಟ್ಟು ಹಾಕಿದ. ಕನಕಪ್ಪನೂ ಹೂವಿನ ನಡುವೆ ಕೂತು ಇತ್ತಲೇ ಮುಖ ಮಾಡಿಕೊಂಡು ಹೋದ. ಬಂಡೆಗಳ ಹತ್ತಿರ ಹರಿಗೋಲು ಒಮ್ಮೆ ತಿರುಗಿತು, ನೆಟ್ಟಗಾಯಿತು, ದಾಟಿತು. ಗಡ್ಡೆಯ ಮೇಲೆ ಜನ ಇರುವೆಗಳಷ್ಟಾದರು. ಅವರು ಬಾಗಿದ್ದು ಕಂಡಿತು, ಏನು ಮಾಡುತ್ತಿದ್ದಾರೆಂದು ಕಾಣಲಿಲ್ಲ.

“ಮುಟ್ಟಿದ್ರಲ್ಲ, ಕುಂದರು ಬಾ ವೈನಿ.”

“ತಿರುಗಿ ಬರಬೇಕಲ್ಲ ಅವರು.”

ಶಿವಗಂಗಾ ಹತ್ತಿರ ಬಂದು ಗಾಳಿಗೆ ಹಾರುತ್ತಿದ್ದ ಸೆರಗಿನ ಒಂದು ತುದಿ ಹಿಡಿದುಕೊಂಡಳು.

ಹೊತ್ತು ಇಳಿಯುವ ಮುಂಚೆ ಹರಿಗೋಲು ಹಗುರವಾಗಿ ಬಂದು ದಂಡೆ ಮುಟ್ಟಿತು. ಹುಸೇನ್ ಬರಿದಾದ ವಸ್ತ್ರ ಝಾಡಿಸಿ ಹೆಗಲಿಗೆ ಹಾಕಿಕೊಂಡ.

“ಸಾಕಕ್ಕ, ಕೈ ಇಳ್ಸು. ಎಲ್ಲಾರೂ ಬಂದ್ವಿ.”

ಬಸ್ಸಮ್ಮ ಅವರನ್ನು ಎಣಿಸುವವಳಂತೆ ಒಬ್ಬೊಬ್ಬರನ್ನೇ ನೋಡಿದಳು. ಆಮೇಲೆ ಮತ್ತೆ ಹೊಳೆಯ ಕಡೆ ತಿರುಗಿ, ಸೆರಗನ್ನು ಇನ್ನಷ್ಟು ಮೇಲಕ್ಕೆ ಎತ್ತಿದಳು.